ಗಣಕದ ಕಡತದಲ್ಲಿ ಅರ್ಕಾವೊತ್ತು

ಸ್ಮರಣ ಸಂಚಿಕೆಯೊಂದರ ಮುದ್ರಣಪ್ರತಿಯನ್ನು ಅಣಿಗೊಳಿಸುವಾಗ ಲೇಖನಗಳನ್ನು ತಿದ್ದುವುದಕ್ಕಿಂತ ಅವುಗಳ ರೂಪವನ್ನು ಸರಿಪಡಿಸುವುದೇ ಹೆಚ್ಚು ಶ್ರಮದಾಯಕವೆಂಬುದು ಹೊರಗಿನವರಿಗೆ ಸುಲಭವಾಗಿ ತಿಳಿಯದು. ಕಳಸದಿಂದಲೂ ಮೂಡಿಗೆರೆಯಿಂದಲೂ ಹಳೆಯ ವಿದ್ಯಾರ್ಥಿಗಳು ಕಳುಹಿಸುವ ಬರಹಗಳು ಈಗ ಕಾಗದದಲ್ಲಿ ಬರುವುದು ವಿರಳ. ಗಣಕದ ಕಡತಗಳಾಗಿಯೇ ಬರುತ್ತವೆ. ಒಂದರಲ್ಲಿ ಸಾಲುಗಳು ಅರ್ಧಕ್ಕೇ ತುಂಡಾಗಿರುತ್ತವೆ. ಇನ್ನೊಂದರಲ್ಲಿ ಪುಟಸಂಖ್ಯೆ ನಡುವೆಯೇ ಪುನಃ ಒಂದರಿಂದ ಆರಂಭವಾಗುತ್ತದೆ. ಇವು ಸಣ್ಣ ಉಪದ್ರವಗಳು. ವರ್ಡ್ ತಂತ್ರಾಂಶವು ಪ್ಯಾರಾದ ವಿನ್ಯಾಸವನ್ನು ಪ್ಯಾರಾದ ಕೊನೆಯ ಗುರುತಿನಲ್ಲಿಯೂ ಪುಟದ ವಿನ್ಯಾಸವನ್ನು ವಿಭಾಗದ ಗುರುತಿನಲ್ಲಿಯೂ ಅಡಗಿಸಿಡುತ್ತದೆ. ಆ ಗುರುತುಗಳು ಕಾಣುವಂತೆ ಮಾಡಿಕೊಂಡರೆ ಕಾರಣ ಬಹುಮಟ್ಟಿಗೆ ಗೋಚರಿಸುತ್ತದೆ.

ಹಠಮಾರಿಯಾದ ತೊಡಕು ಬೇರೆಯದು. ಹಿಂದಿನ ಸಂಚಿಕೆಗಾಗಿ ಸಿದ್ಧವಾಗಿದ್ದ ದಾನಿಗಳ ಪಟ್ಟಿಯನ್ನು ಈ ಸಲ ತೆರೆದಾಗ ಹೆಸರುಗಳ ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆಗಳು ಕಾಣಿಸಿಕೊಂಡವು. (ಪೌಂಡಿನಲ್ಲಿ ದಾನವಿತ್ತವರು ನಮ್ಮ ಮಲೆನಾಡಿನಲ್ಲಿ ಯಾರೂ ಇರಲಾರರು!) ಯೂನಿಕೋಡ್ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತಿದ್ದರೂ ಅದು ನಮ್ಮ ಗಣಕಗಳಲ್ಲಿ ಬಳಕೆಗೆ ಬರಲು ಹತ್ತು ವರ್ಷಗಳಾದರೂ ಹಿಡಿದವು. ಆ ಅವಧಿಯಲ್ಲಿಯೂ ಅನಂತರವೂ ನುಡಿ, ಬರಹ ಮೊದಲಾದ ತಂತ್ರಾಂಶಗಳೇ ನಮ್ಮ ಕೈಹಿಡಿದವು. ಆ ಉಪಕಾರವನ್ನು ಮರೆಯಲಾಗದು. ಅವುಗಳ ಅಂದಿನ ಕ್ರಮದಲ್ಲಿ ಕನ್ನಡ ಅಕ್ಷರಗಳ ತುಂಡುಗಳು ರೋಮನ್ ಸಂಕೇತಗಳ ಮನೆಗಳಲ್ಲಿ ವಾಸವಾಗಿದ್ದವು. ನುಡಿಯಲ್ಲಿ 'ಕ' ಎಂದರೆ ಇಂಗ್ಲಿಷಿನ 'ಪಿ'ಯ ಮನೆಯಲ್ಲಿರುವ ಒಂದು ತುಂಡು ಮತ್ತು ಅದರ ತಲೆಕಟ್ಟು. ನಕಾರಕ್ಕೆ ದೊರೆತದ್ದು ಪೌಂಡಿನ ಮನೆ. ಅಕ್ಷರಶೈಲಿ ತಪ್ಪಿದೊಡನೆ ಬಾಡಿಗೆದಾರರು ಮರೆಯಾಗಿ ಮನೆಯೊಡೆಯರು ಹೊರಬರುತ್ತಾರೆ. ಮೂಡಿಗೆರೆಯಲ್ಲಿ ನೆಲೆಸಿ ೨೦೦೭ರಲ್ಲಿ ನಮ್ಮನ್ನಗಲಿದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಬಗೆಗೆ ಅಷ್ಟೊಂದು ಕಾಳಜಿ ವಹಿಸಿದ್ದೇಕೆಂಬುದು ಇಂಥ ಪಟ್ಟಿಯೊಂದನ್ನು ಕಂಡಾಗ ಮನದಟ್ಟಾಗುತ್ತದೆ.

ವಿನ್ಯಾಸ ಕೆಟ್ಟಾಗ ಬಲ್ಲವರು ಹೇಳುವ ಮೊದಲ ಔಷಧ, ಎಲ್ಲ ವಿನ್ಯಾಸವನ್ನೂ ಅಳಿಸಿ ಬರಿಯ ಪಠ್ಯವನ್ನು ಉಳಿಸಿಕೊಳ್ಳುವುದು. ಯೂನಿಕೋಡ್ ಬರಹಕ್ಕೆ ಅದು ದಿವ್ಯೌಷಧವೇ ಸರಿ. ಹಳೆಯ ಕಡತಕ್ಕೆ ಅದೇ ವಿಷ. ಏಕೆಂದರೆ ಅಲ್ಲಿ ಅಕ್ಷರಶೈಲಿಯೆಂಬುದು ಉಡುಗೆಯಲ್ಲ, ಮೈಯೇ ಆಗಿದೆ. ಕನ್ನಡವಾವುದು, ಇಂಗ್ಲಿಷಾವುದು ಎಂಬ ಗುರುತೂ ಅದರೊಡನೆ ಅಳಿದುಹೋಗುತ್ತದೆ. ಆದುದರಿಂದ ಮೂಲದ ಪ್ರತಿಯೊಂದನ್ನು ಮೊದಲು ತೆಗೆದಿರಿಸಿ, ಬಳಿಕ ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದು, ಅನಂತರವೇ ವಿನ್ಯಾಸವನ್ನು ಅಳಿಸಬೇಕು. ರೋಮನ್ ಲಿಪಿಯಲ್ಲಿರುವ ಪದವಿಗಳ ಹೆಸರುಗಳನ್ನು ಪರಿವರ್ತನೆಗೆ ಮುನ್ನ ಬೇರ್ಪಡಿಸದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಪರಿವರ್ತನೆಯಾದ ಮೇಲೆ ನಾನು ಮೊದಲು ನೋಡುವುದು ಅರ್ಕಾವೊತ್ತನ್ನು. 'ಧರ್ಮ' ಎಂಬಲ್ಲಿ ಹಳೆಯ ಕ್ರಮವು ಅದನ್ನು ಕಣ್ಣಿಗೆ ಕಾಣುವಂತೆಯೇ ಮಕಾರದ ಬಳಿಕ ಇಡುತ್ತಿತ್ತು. ಯೂನಿಕೋಡ್ ಉಚ್ಚಾರಣೆಗನುಗುಣವಾಗಿ ರೇಫವನ್ನು ಮೊದಲಿಡುತ್ತದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಿದರೆ 'ಮೂರ್ತಿ' ಎಂಬ ಹೆಸರೇ ವಿಕಾರಗೊಳ್ಳುತ್ತದೆ. 'ರ‍್ಯಾಂಕ್' ಎಂಬ ಪದದ್ದು ಇನ್ನೊಂದು ವಿಚಿತ್ರ. ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕವೊಂದು ಇದ್ದರೆ ಮಾತ್ರ ಅದು ಹೀಗೆ ಮೂಡುತ್ತದೆ. ಇಲ್ಲದಿದ್ದರೆ ರೇಫವು ಅರ್ಕಾವೊತ್ತಾಗಿ ಯಕಾರದ ಪಕ್ಕಕ್ಕೆ ಸರಿಯುತ್ತದೆ.

ಪಟ್ಟಿಯಲ್ಲಿರುವ ಅನೇಕ ಹಿರಿಯರು ಈಗ ನಮ್ಮೊಡನಿಲ್ಲ. ಹೆಸರನ್ನು ಹೇಗೆ ಬರೆಯುತ್ತಿದ್ದಿರೆಂದು ಅವರನ್ನು ಕೇಳುವಂತಿಲ್ಲ. ಆದಕಾರಣ ಹಳೆಯ ಸಂಚಿಕೆಯ ಮುದ್ರಿತ ಪ್ರತಿಯನ್ನು ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಓದುತ್ತಾರೆ, ನಾನು ಪರದೆಯ ಮೇಲೆ ಬೆರಳಿಟ್ಟು ಅನುಸರಿಸುತ್ತೇನೆ. ಆಷಾಢದ ಮಳೆಗೆ ವಿದ್ಯುತ್ತು ಹೋದ ಸಂಜೆಗಳನ್ನು ಕಳೆದು, ಪಟ್ಟಿಯ ಮುಕ್ಕಾಲು ಭಾಗ ಮುಗಿದಿದೆ.