ಅವ್ವನಿಲ್ಲದ ಮರಿಗಳು

ನಮ್ಮವರಿಗೆ ಸಾಲಹಳ್ಳಿಗೆ ವರ್ಗವಾದಾಗ ಧಾರವಾಡದಿಂದ ಹೇರಿಕೊಂಡು ಬಂದ ಸಾಮಾನಿನಲ್ಲಿ ಕೋಳಿ ಸಾಕುವ ಆಸೆಯೇನೂ ಇರಲಿಲ್ಲ. ಅದು ರಾಮದುರ್ಗದ ಸಂತೆಯಿಂದ ರಟ್ಟಿನ ಡಬ್ಬಿಯಲ್ಲಿ ಬಂತು. ಮಗಳು ಹಠ ಹಿಡಿದಳು; ಎರಡು ದಿನದ 10 ಗಿರಿರಾಜ ಮರಿಗಳು ಮನೆ ಸೇರಿದವು. ಸಂಜೆಯೊಳಗೆ ಹತ್ತಕ್ಕೂ ಹೆಸರಾಯಿತು.

ಎಳೆಯ ಜೀವಗಳೆಂದು ನಾನು ಬಿಸಿ ಅನ್ನ ಹಿಚುಕಿ ಹಾಕಿದೆ, ಬೋಗುಣಿ ತುಂಬ ನೀರಿಟ್ಟೆ. ಎರಡು ಹೆತ್ತವಳಿಗೆ ಇದೇನು ಮಹಾ ಎಂಬ ಜಂಬ ಬೇರೆ. ಬೆಳಿಗ್ಗೆ ನೋಡಿದರೆ ಒಂದು ಬೋಗುಣಿಯಲ್ಲಿ ಮುಳುಗಿತ್ತು. ಉಳಿದವು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅಡಿಯಲ್ಲಿದ್ದ ಎರಡು ಸತ್ತಿದ್ದವು. ಮಗಳು ಶಾಲೆಗೆ ಹೋಗಲಿಲ್ಲ. ನನಗೂ ಚಹಾ ಸೇರಲಿಲ್ಲ.

ಬಾಜೂ ಮನೆಯ ಕಾಕೂ ಡಬ್ಬಿಯೊಳಗೆ ಬಗ್ಗಿ ನೋಡಿದರು. “ಉಣ್ಣಾಕ ಏನೂ ಕಮ್ಮಿ ಮಾಡಿಲ್ಲ ಬಿಡವಾ. ಆದ್ರ ಇವಕ್ಕ ಅವ್ವ ಎಲ್ಲಿ ಅದಾಳ?”

ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲ ಕೋಳಿಯೆಂದು ಬೆಳೆಸಿದ ತಳಿ. ಕಾವು ಕೊಡುವುದು ಯಂತ್ರ. ಮರಿಗಳು ಅವ್ವನ ಮುಖ ಕಂಡೇ ಇರುವುದಿಲ್ಲ. ಮೊದಲ ವಾರ ಅವಕ್ಕೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬಿಸುಪು ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸುತ್ತ ಹೋಗಬೇಕು. 60 ವ್ಯಾಟಿನ ಬಲ್ಬು ಇಳಿಬಿಟ್ಟೆ. ಥರ್ಮಾಮೀಟರು ಬೇಕಾಗಲಿಲ್ಲ: ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಕರೆಂಟು ಕೈಕೊಟ್ಟ ರಾತ್ರಿ ಬಿಸಿನೀರಿನ ಬಾಟಲಿಗೆ ಹಳೆಯ ಸೀರೆ ಸುತ್ತಿ ನಡುವೆ ಇಡುತ್ತಿದ್ದೆ. ಅದಕ್ಕೇ ಆತುಕೊಂಡು ಮಲಗುತ್ತಿದ್ದವು, ಪಾಪ.

ಕೆಳಗೆ ಶೇಂಗಾ ಹೊಟ್ಟು ಹಾಸಿ, ಒದ್ದೆಯಾದ ಕೂಡಲೇ ಬದಲಿಸುತ್ತಿದ್ದೆ. ಹಸಿ ನೆಲದಿಂದಲೇ ರಕ್ತಭೇದಿ ಹತ್ತುತ್ತದೆ. ನೀರು ಅಗಲ ತಟ್ಟೆಯಲ್ಲಿ, ನಡುವೆ ಹರಳುಕಲ್ಲು. ತಿನ್ನಲು ಜೋಳದ ಸಣ್ಣ ನುಚ್ಚು, ಬೂಷ್ಟು ಹಿಡಿಯದ ಶೇಂಗಾ ಹಿಂಡಿಯ ಪುಡಿ. ಬರೀ ಕಾಳಿಗೆ ಮೈ ಹತ್ತುವುದಿಲ್ಲವೆಂದು ಕಾಕೂ ಹಳೆಯ ಗಡಿಗೆಯಲ್ಲಿ ಹಸಿ ಸೆಗಣಿ, ಕಸ ತುಂಬಿ ಹೊಲದಲ್ಲಿ ಬೋರಲು ಹಾಕಿದರು. ಮರುದಿನ ಗಡಿಗೆಯ ತುಂಬ ಗೆದ್ದಲು! ಈರುಳ್ಳಿಗೂ ಮಡಿ ನೋಡುವ ಮನೆಯಲ್ಲಿ ಬೆಳೆದ ನಾನು ಸೆರಗು ಮೂಗಿಗೆ ಹಿಡಿದು ಗೆದ್ದಲು ಕೊಡವಿದೆ. ನಮ್ಮವರು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

ಏಳೂ ಚೇತರಿಸಿಕೊಂಡ ಮೇಲೆ ಕಾಕೂ ಒಂದು ಮಾತು ಹೇಳಿದರು. ಹಿಂದಿನ ಬ್ಯಾಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಅವರ 14 ಕೋಳಿ ನಾಲ್ಕೇ ದಿನದಲ್ಲಿ ಹೋಗಿದ್ದವು. ಮಗಳ ಬಾಣಂತನಕ್ಕೆಂದು ತತ್ತಿ ಮಾರಿ ಕೂಡಿಡುತ್ತಿದ್ದ ರೊಕ್ಕ ಅಲ್ಲಿಗೇ ನಿಂತಿತ್ತು. “ಹೋದ್ವು ಅಂದ್ರ ಹೋದ್ವು,” ಎಂದರು. ಈಗ ಅವರ ಹ್ಯಾಟಿ 21 ದಿನ ಕಾವು ಕೂತು ಎಬ್ಬಿಸಿದ 9 ಮರಿಗಳಿದ್ದವು.

ಆ ರೋಗಕ್ಕೆ ಮದ್ದಿಲ್ಲ, ಮುಂಚೆಯೇ ಲಸಿಕೆ ಹಾಕಬೇಕು. ಆದರೆ ದನದ ಡಾಕ್ಟರು ಕೈಯಾಡಿಸಿದರು. ಒಂದು ಸೀಸೆಯಲ್ಲಿ 100 ಮರಿಗಾಗುವಷ್ಟು ಮದ್ದು; ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಏಳು ಮರಿಗಾಗಿ ಒಡೆಯುವುದು ಹೇಗೆ?

ನಾನು ಓಣಿಯ ಮನೆಮನೆಗೂ ಹೋದೆ. ಎಂಟು ತಿಂಗಳಾಗಿದ್ದರೂ ಆ ಹೊಸ್ತಿಲುಗಳನ್ನು ದಾಟಿದ್ದು ಅದೇ ಮೊದಲು. ಗೊತ್ತಾದ ದಿನ ನಮ್ಮ ಕಟ್ಟೆಯ ಮೇಲೆ ಬುಟ್ಟಿಯೇ ಬುಟ್ಟಿ, 60ಕ್ಕೂ ಮಿಕ್ಕಿ ಮರಿಗಳು. ಬರ್ಫದ ಥರ್ಮಾಸಿನಿಂದ ಸೀಸೆ ತೆಗೆದು ಡಾಕ್ಟರು ಒಂದೊಂದರ ಕಣ್ಣಿಗೂ ಒಂದೊಂದು ಹನಿ ಬಿಟ್ಟರು.

ಕಾಕೂನ ಸರದಿ ಕಡೆಯಲ್ಲಿ ಬಂತು. ಮರಿಯನ್ನು ಅಂಗೈಯಲ್ಲಿ ಹಿಡಿದು, “ಕಣ್ಣ ಮುಚ್ಚಬ್ಯಾಡ ನನ್ನವ್ವಾ, ಮುಚ್ಚಬ್ಯಾಡ,” ಎನ್ನುತ್ತಿದ್ದರು. ತಾವು ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.