ಉಪ್ಪಿನ ಋಣ

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂದು ನಮ್ಮ ಹಿರಿಯರು ಹೇಳಿಹೋದರು. ಆದರೆ ಉಪ್ಪಿಟ್ಟವರೇ ಒಂದು ದಿನ ಬಾಗಿಲಿಗೆ ಬಂದು ಕೈಯೊಡ್ಡಿ ನಿಂತರೆ ಏನು ಮಾಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಕಳೆದ ಮಾಘಮಾಸದ ಒಂದು ಭಾನುವಾರ ಆ ಪ್ರಶ್ನೆ ನನ್ನ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಿತು.

ಬಂದವರು ನನ್ನ ಸೋದರತ್ತೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಅವರ ಪುಟ್ಟ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಐದು ವರ್ಷ ಓದಿದವನು ನಾನು. ಮಾನಸಗಂಗೋತ್ರಿಯಿಂದ ಎಷ್ಟು ಹೊತ್ತಾಗಿ ಹಿಂದಿರುಗಿದರೂ ಒಲೆಯ ಮೇಲೆ ನನ್ನ ಪಾಲಿನ ಸಾರು ಬಿಸಿಯಾಗಿರುತ್ತಿತ್ತು. ಮಾವನವರ ವರಮಾನ ಸಣ್ಣದು. ಊಟಕ್ಕೆ ಕೂರುವವರು ಆರು ಮಂದಿ. ತುಪ್ಪ ಸಾಲದಾದ ದಿನ ಅತ್ತೆ, “ನನಗೆ ತುಪ್ಪ ಸೇರುವುದಿಲ್ಲ” ಎನ್ನುತ್ತಿದ್ದರು. ಅದು ಸುಳ್ಳೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಅತ್ತೆ ಸೆರಗಿನಡಿಯಿಂದ ನಿಂಬೆ ಉಪ್ಪಿನಕಾಯಿಯ ಜಾಡಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಕುಶಲಪ್ರಶ್ನೆಗಳು ಮುಗಿದವು. ಬಳಿಕ ತಮ್ಮ ಮಗಳ ಮಗನ ಮಾತು ತೆಗೆದರು. ಹುಡುಗ ನಮ್ಮ ಕಾಲೇಜಿನಲ್ಲೇ, ನನ್ನ ತರಗತಿಯಲ್ಲೇ ಓದುತ್ತಿದ್ದಾನೆ. ಆಂತರಿಕ ಮೌಲ್ಯಮಾಪನದಲ್ಲಿ ಅವನಿಗೆ 20ಕ್ಕೆ 6 ಅಂಕ ಕೊಟ್ಟವನೂ ನಾನೇ.

“ಮಗೂ, ನಿನ್ನನ್ನು ನಾನು ಈವರೆಗೆ ಏನೂ ಕೇಳಿದವಳಲ್ಲ. ಆ ಆರನ್ನು ಹದಿನಾರು ಮಾಡುವುದು ನಿನ್ನ ಕೈಯಲ್ಲೇ ಇದೆಯಂತಲ್ಲ!”

ಅತ್ತೆ ಹೇಳಿದ್ದು ನಿಜ. ಅವರು ಏನನ್ನೂ ಕೇಳಿದವರಲ್ಲ. ಆದ್ದರಿಂದಲೇ ನನ್ನ ನಾಲಗೆ ಒಣಗಿತು. ಕೊನೆಗೆ, “ಅತ್ತೆ, ಅದೊಂದು ನನ್ನಿಂದಾಗದು. ಅವನನ್ನು ದಿನವೂ ಸಂಜೆ ಮನೆಗೆ ಕಳುಹಿಸಿ, ಪಾಠ ಹೇಳುತ್ತೇನೆ” ಎಂದೆ.

“ಆಗಲಿ ಬಿಡಪ್ಪ” ಎಂದು ಅವರು ಎದ್ದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ಲೋಟದಲ್ಲಿ ಅರ್ಧ ಕಾಫಿ ಹಾಗೆಯೇ ಉಳಿದಿತ್ತು.

ಮರುದಿನ ತರಗತಿಯಲ್ಲಿ ಪಂಪನ ಕರ್ಣ ಎದುರಾಗಬೇಕೆ! 941ರಲ್ಲಿ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನು, ಪಾಂಡವರು ತನ್ನ ತಮ್ಮಂದಿರೆಂದು ತಿಳಿದ ಮೇಲೂ ಸಾಕಿದ ದುರ್ಯೋಧನನನ್ನು ತೊರೆಯುವುದಿಲ್ಲ. ಉಂಡ ಅನ್ನಕ್ಕೆ ಸಲ್ಲಬೇಕಾದ ಈ ನಿಷ್ಠೆಯನ್ನು ಹಳಗನ್ನಡದವರು ‘ಜೋಳವಾಳಿ’ ಎಂದು ಕರೆದರು. ಆ ಪದಕ್ಕೆ ಅರ್ಥ ಹೇಳುವಾಗ ನನ್ನ ಧ್ವನಿ ಸಣ್ಣದಾಯಿತು. ಜೋಳ ತಿಂದು ತಿರುಗಿ ನಿಂತವನು ನಾನೇ ಅಲ್ಲವೆ? ಆದರೆ ಯೋಚಿಸಿದಂತೆ ಒಂದು ವ್ಯತ್ಯಾಸ ಹೊಳೆಯಿತು. ಕರ್ಣನ ಪಕ್ಷ ತಪ್ಪೇ ಇರಬಹುದು. ಆದರೆ ಋಣಕ್ಕೆಂದು ಅವನು ತೆತ್ತದ್ದು ತನ್ನ ತಲೆಯನ್ನು. ನಾನು ತೆರಬೇಕಾಗಿದ್ದ ಹತ್ತು ಅಂಕಗಳು ನನ್ನವಲ್ಲ. ನಿದ್ದೆಗೆಟ್ಟು ಬರೆದ ಉಳಿದ ಮಕ್ಕಳ ಕಣಜದಿಂದ ಅವನ್ನು ಕದ್ದು ತರಬೇಕಾಗಿತ್ತು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಕಲ್ಲೊಂದಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗನು, ಮೆಚ್ಚಿದೆ, ಬೇಕಾದುದನ್ನು ಕೇಳು ಎಂದನಂತೆ. ಮಣಲೇರ ಕೇಳಿದ್ದು ಅರಸನ ಬೇಟೆನಾಯಿ ‘ಕಾಳಿ’ಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಕಾದಾಡಿ ಮಡಿದಾಗ ಅದರ ನೆನಪಿಗೂ ಕಲ್ಲು ನಿಂತಿತು. ಕೇಳುವವನು ಅಳತೆಯರಿತು ಕೇಳಿದ. ಕೊಡುವವನು ತನ್ನದನ್ನೇ ಕೊಟ್ಟ. ಕೃತಜ್ಞತೆಗೂ ನಿರೀಕ್ಷೆಗೂ ಇಷ್ಟು ಚೆಂದದ ತೂಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಗೆದ್ದಂತೆಯೇ ಆಗುತ್ತಿತ್ತು. ಆದರೆ ರಾತ್ರಿ ಊಟಕ್ಕೆ ಕುಳಿತಾಗ ನನ್ನಾಕೆ ಅದೇ ಉಪ್ಪಿನಕಾಯಿಯನ್ನು ಬಡಿಸುತ್ತ, “ನೀವು ಅತ್ತೆಯ ಮನೆಗೆ ಹೋಗಿ ಎಷ್ಟು ದಿನವಾಯಿತು?” ಎಂದು ಕೇಳಿದಳು. ಲೆಕ್ಕ ಹಾಕಿದೆ. ಎಂ.ಎ. ಮುಗಿದು ಹನ್ನೆರಡು ವರ್ಷ. ಹೋದದ್ದು ಮೂರು ಸಲ, ಮೂರೂ ಮದುವೆಯ ಕರೆಯೋಲೆ ಹಂಚಲು ಅಥವಾ ಮದುವೆ ಉಣ್ಣಲು. ಬೇರೆಯವರೆದುರು ಅತ್ತೆಯ ಸಾರನ್ನು ನೂರು ಸಲ ಹೊಗಳಿದ್ದೆ. ಅತ್ತೆಯೆದುರು ಒಮ್ಮೆಯೂ ಇಲ್ಲ. ದಿನದಿನವೂ ಕೊಂಚ ಕೊಂಚವಾಗಿ ಸಲ್ಲಬೇಕಾಗಿದ್ದ ಬಡ್ಡಿ ಅಸಲಿನೊಡನೆ ಬಂದು ಒಂದೇ ದಿನ ಬಾಗಿಲಲ್ಲಿ ನಿಂತಿದ್ದರೆ ತಪ್ಪು ಯಾರದು? ನಮ್ಮ ಕೃತಜ್ಞತೆ ಮೂಕವಾದಷ್ಟೂ ಅವರ ನಿರೀಕ್ಷೆಗೆ ದಾರಿ ತಪ್ಪುತ್ತದೆ.

ಮುಂದಿನ ಭಾನುವಾರ ಒಂಟಿಕೊಪ್ಪಲಿಗೆ ಹೋದೆ. ಅಂಕದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಲೆ ಹಾಕಿದರು, ಅನ್ನ, ಅದೇ ಸಾರು. “ನೀವೂ ಜೊತೆಗೆ ಕುಳಿತುಕೊಳ್ಳಿ ಅತ್ತೆ” ಎಂದೆ. ಬಹಳ ಹೇಳಿದ ಮೇಲೆ ಕುಳಿತರು. ತುಪ್ಪದ ಗಿಂಡಿಯನ್ನು ಎತ್ತಿ ಮೊದಲು ಅವರ ಎಲೆಗೆ ಬಗ್ಗಿಸಿದೆ.

“ಅಯ್ಯೋ, ನನಗೆ ಸೇರುವುದಿಲ್ಲ ಕಣೋ!”

“ಗೊತ್ತು ಅತ್ತೆ” ಎಂದು ಇನ್ನೊಂದಿಷ್ಟು ಹಾಕಿದೆ. ಅವರು ನಕ್ಕರು.

ಹುಡುಗ ಈಗ ಸಂಜೆಯ ಹೊತ್ತು ಪಾಠಕ್ಕೆ ಬರುತ್ತಿದ್ದಾನೆ.