230 ಕುದುರೆಗಳ ಕಾರು

ಬಿ.ಎ. ಕೊನೆಯ ವರ್ಷಕ್ಕೆ ಬಂದವನಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇಲ್ಲವೆಂದು ನಮ್ಮ ಮನೆಯವರು ನಂಬಿದ್ದಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಹಿಂದೆ ಯಾರೂ ಇಲ್ಲ. ಆದ್ದರಿಂದ ಈ ನಂಬಿಕೆಯನ್ನು ಸುಳ್ಳುಮಾಡಲು ಇನ್ನೊಬ್ಬ ಸಾಕ್ಷಿಯೂ ಇಲ್ಲ. ಹಸುವಿಗೆ ಕೆಚ್ಚಲುಬಾವು ಬಂದರೆ ನನ್ನನ್ನು ಕೇಳುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ನನ್ನನ್ನು ಕೇಳುತ್ತಾರೆ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ಎಂದು ಎಷ್ಟು ಸಲ ಹೇಳಿದರೂ, "ಓದ್ದೋನಲ್ವೇನ್ಲಾ, ಯೋಳು" ಎಂಬ ಒಂದೇ ಮಾತು. ಹೀಗಿರುವಾಗ ಕಳೆದ ದಸರಾ ರಜೆಯಲ್ಲಿ ನಮ್ಮಣ್ಣ ನನ್ನ ಮುಂದೆ ಮೊಬೈಲು ಹಿಡಿದು, ಅದರಲ್ಲಿದ್ದ ಒಂದು ಕಾರಿನ ಚಿತ್ರ ತೋರಿಸಿ, "ಇದನ್ನ ತಗಂಡ್ರೆ ಹೆಂಗೆ?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಕಾರೆಂದರೆ ಅದು ನಾಲ್ಕು ಜನ ಕುಳಿತು ಮದುವೆಗೆ ಹೋಗಿಬರುವಂಥ ಸಾಧುಕಾರಲ್ಲ. ಯುರೋಪಿನ ಒಂದು ಕಂಪನಿಯದು. ಹೆಸರು ಹೇಳಿ ಪುಕ್ಕಟೆ ಜಾಹೀರಾತು ಕೊಡುವ ಮನಸ್ಸು ನನಗಿಲ್ಲ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ ಏಳು ಸೆಕೆಂಡು ಕೂಡ ಬೇಡ. ಕೆಲವು ವರ್ಷ ಓಡಿದ್ದು, ಬೆಂಗಳೂರಿನಲ್ಲಿ ಮಾರಾಟಕ್ಕಿತ್ತು. ಬೆಲೆ 14 ಲಕ್ಷ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮಣ್ಣ ಇದನ್ನು ದಿನವೂ ಕೆಲಸಕ್ಕೆ ಓಡಿಸುವನಂತೆ.

ಇಷ್ಟು ಕೇಳಿದ ವಾಚಕರು ನಮ್ಮಣ್ಣನನ್ನು ಷೋಕಿಗಾರನೆಂದು ತೀರ್ಮಾನಿಸಿಬಿಡಬಹುದು. ಹಾಗೆ ಮಾಡುವ ಮೊದಲು ಅವನ ಕಡೆಯ ಮಾತನ್ನೂ ಕೇಳಬೇಕು. ನಮ್ಮೂರು ಮಂಡ್ಯದ ಹತ್ತಿರ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತು ಪಥಗಳಿಗೆ (ನಡುವೆ ಆರು, ಎರಡು ಪಕ್ಕದ ಸರ್ವಿಸ್ ರಸ್ತೆ ಸೇರಿ ಹತ್ತು) ಅಗಲಿಸಿದಾಗ, ಮಂಡ್ಯವನ್ನು ಬಳಸಿ ಹೋಗುವ ಬೈಪಾಸಿಗೆ ನಮ್ಮ ಗದ್ದೆಯಲ್ಲಿ 14 ಗುಂಟೆ ಹೋಯಿತು. ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ಪಂಚೆಯ ಅಂಚು ಹರಿದಂತೆ ಒಂದು ಕಡೆಯಿಂದ ಹರಿದುಕೊಂಡು ಹೋಯಿತು. ಪರಿಹಾರ ಬಂತು. ಅಕ್ಕನ ಮದುವೆಯಾಯಿತು, ಸೊಸೈಟಿ ಸಾಲ ತೀರಿತು, ಮಿಕ್ಕದ್ದು ಬ್ಯಾಂಕಿನಲ್ಲಿ ಕುಳಿತಿತು. 2023ರ ಮಾರ್ಚ್ 12ರಂದು ರಸ್ತೆಯ ಉದ್ಘಾಟನೆ. ಅದೇ ವರ್ಷ ಆಗಸ್ಟ್ 1ರಿಂದ ನಡುವಣ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಯಾವುದೂ ಬರಕೂಡದೆಂದು ಆಜ್ಞೆಯಾಯಿತು. ಆಜ್ಞೆ ತಪ್ಪೆಂದು ನಾನು ಹೇಳಲಾರೆ. ಮೊದಲ ಕೆಲವು ತಿಂಗಳಲ್ಲಿ ಆ ರಸ್ತೆಯಲ್ಲಿ ಸತ್ತವರ ಸುದ್ದಿ ಓದಿದವರಾರೂ ಹೇಳಲಾರರು. ಆದರೆ ಅಣ್ಣನ ಹತ್ತಿರ ಇದ್ದದ್ದು ಬೈಕು. ಬೇಲಿಯ ಈಚೆ ಸರ್ವಿಸ್ ರಸ್ತೆಯಲ್ಲಿ ಹಳ್ಳ ತಪ್ಪಿಸುತ್ತ ಅವನು, ಬೇಲಿಯ ಆಚೆ ಸುಯ್ಯೆಂದು ಹೋಗುವ ಕಾರುಗಳು. ಹೀಗೆಯೇ ಅವನ ದಿನಗಳು ಕಳೆಯುತ್ತಿದ್ದವು.

"ನಮ್ ಗದ್ದೆ ಮ್ಯಾಲ್ ಓಗೋ ರಸ್ತೆಗೆ ನಾವೇ ಕಾಲಿಡಂಗಿಲ್ಲ. ಓದ್ರೆ ಇಂತಾದ್ರಲ್ಲೇ ಓಗ್ಬೇಕು ಕಣ್ಲಾ, ಎಲ್ರೂ ತಿರುಗ್ ನೋಡಂಗೆ" ಎಂದ ಅಣ್ಣ.

ಈ ಮಾತಿಗೆ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ. ಅಲ್ಲದೆ ಇನ್ನೊಂದು ತೊಡಕಿತ್ತು. ಅದನ್ನು ಮುಚ್ಚಿಡದೆ ಇಲ್ಲಿಯೇ ಹೇಳಿಬಿಡುವುದು ಮೇಲು. ಬ್ಯಾಂಕಿನಲ್ಲಿ ಕುಳಿತಿದ್ದ ಹಣದ ಮೇಲೆ ನನಗೂ ಒಂದು ಕಣ್ಣಿತ್ತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಬೇಕು, ಹಾಸ್ಟೆಲು ಸಿಗದಿದ್ದರೆ ಕೋಣೆ ಮಾಡಿಕೊಂಡಿರಬೇಕು, ಎರಡು ವರ್ಷ ಮನೆಗೆ ಒಂದು ಕಾಸನ್ನೂ ತರದೆ ಓದಬೇಕು ಎಂಬ ಆಸೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಕಾರು ಬೇಕೋ ಬೇಡವೋ ಎಂದು ತೀರ್ಪು ಕೊಡಬೇಕಾದ ನ್ಯಾಯಾಧೀಶನೂ ನಾನೇ, ಒಳಗಿನ ಕಕ್ಷಿಗಾರನೂ ನಾನೇ. "ನೋಡೋಣ, ಮೊದಲು ಕಾರು ನೋಡಿಬರೋಣ" ಎಂದು ವಾಯಿದೆ ಕೇಳಿದೆ.

ಒಂದು ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ಕಾರಿನ ಯಜಮಾನರು ಸಭ್ಯರು. ಕಾಫಿ ಕೊಟ್ಟರು, ನಮ್ಮ ಚಪ್ಪಲಿಯ ಕಡೆ ನೋಡಲಿಲ್ಲ. ಅವರೇ ಓಡಿಸಿ ತೋರಿಸಿದರು. ಜಯನಗರದಿಂದ ಹೊರಟು ಊರು ದಾಟುವವರೆಗೆ ಆ 230 ಅಶ್ವಗಳು ಒಂದು ಸಿಗ್ನಲಿನಿಂದ ಇನ್ನೊಂದಕ್ಕೆ ಕುಂಟುತ್ತ ನಡೆದವು. ನಮ್ಮ ಎಡಕ್ಕೆ ಒಂದು ಆಟೋ, ಬಲಕ್ಕೆ ಒಂದು ನೀರಿನ ಟ್ಯಾಂಕರು, ಮೂವರೂ ಸಮಾನರು. 2022ರಲ್ಲಿ ಟಾಮ್‌ಟಾಮ್ ಎಂಬ ಸಂಸ್ಥೆ ನಾನಾ ದೇಶಗಳ ಊರುಗಳನ್ನು ಅಳೆದಾಗ, ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯಿತಂತೆ. ಲೆಕ್ಕ ಹಾಕಿದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ತುಸು ಮೇಲೆ. ಡೈರಿಯಿಂದ ಖಾಲಿ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುವ ನಮ್ಮಪ್ಪ ಇದಕ್ಕಿಂತ ಬಹಳ ಹಿಂದೆ ಬೀಳಲಾರರು. "ದಿನಾ ಆಫೀಸಿಗೆ ಇದರಲ್ಲೇ ಹೋಗುತ್ತಿದ್ದಿರಾ ಸಾರ್?" ಎಂದೆ. ಅವರು ನಕ್ಕು, "ಹೋಗುತ್ತಿದ್ದೆ. ನಾಲ್ಕನೆಯ ಗೇರು ಇದೆಯೋ ಇಲ್ಲವೋ ಅನ್ನೋದೇ ಮರೆತುಹೋಗಿತ್ತು" ಎಂದರು.

ಊರು ದಾಟಿದ ಮೇಲೆ ರಸ್ತೆ ತೆರವಾಯಿತು. ಯಜಮಾನರು ಒಮ್ಮೆ ಕನ್ನಡಿ ನೋಡಿ, ಕಾಲೊತ್ತಿದರು. ಏನಾಯಿತೆಂದು ಬರೆಯುವುದು ಕಷ್ಟ. ಬೆನ್ನನ್ನು ಯಾರೋ ಹಿಂದಕ್ಕೆ ಒತ್ತಿ ಹಿಡಿದಂತಾಯಿತು. ಹೊಟ್ಟೆ ಒಂದು ಗಳಿಗೆ ಹಿಂದೆಯೇ ಉಳಿದು ಆಮೇಲೆ ಬಂದು ಸೇರಿಕೊಂಡಿತು. ಮುಂದಿದ್ದ ಲಾರಿ ನೋಡುನೋಡುತ್ತಿದ್ದಂತೆ ಹಿಂದಾಯಿತು. ಹತ್ತು ಸೆಕೆಂಡೂ ಆಗಿರಲಿಲ್ಲ, ಅವರು ಕಾಲು ತೆಗೆದರು. ಬೇಡವೆಂದು ಹೇಳಲೆಂದೇ ಮನೆಯಿಂದ ಹೊರಟ ನಾನು ಹಲ್ಲು ಕಿರಿಯುತ್ತ ಕುಳಿತಿದ್ದೆ. ಅಣ್ಣ ಮಾತ್ರ ನಗಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ನಿಲ್ಲುತ್ತಾನಲ್ಲ, ಹಾಗೆ ಕುಳಿತಿದ್ದ.

ವಾಪಸು ಬಂದ ಮೇಲೆ ನಾನು ಓದತೊಡಗಿದೆ. ಓದುವುದೊಂದೇ ನನಗೆ ಗೊತ್ತಿರುವ ಕಸಬು. ಅಶ್ವಶಕ್ತಿಯೆಂಬ ಅಳತೆಯನ್ನು ಬಳಕೆಗೆ ತಂದವನು ಉಗಿಯಂತ್ರದ ಜೇಮ್ಸ್ ವಾಟ್. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದಡಿ ಎತ್ತುವ ಶಕ್ತಿ ಒಂದು ಕುದುರೆಯದು. ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ಮನಗಾಣಿಸಲು ಅವನು ಹೂಡಿದ ಲೆಕ್ಕ ಅದು. ಇವತ್ತೂ ಗಿರಾಕಿಗಳು ಆ ಲೆಕ್ಕಕ್ಕೇ ಮರುಳಾಗುತ್ತಿದ್ದಾರೆ. ಸಾಧಾರಣ ಕಾರೊಂದು ಸಮತಟ್ಟು ರಸ್ತೆಯಲ್ಲಿ 100ರ ವೇಗವನ್ನು ಕಾಯ್ದುಕೊಂಡು ಹೋಗಲು ಇಪ್ಪತ್ತು ಇಪ್ಪತ್ತೈದು ಅಶ್ವಶಕ್ತಿ ಸಾಕಂತೆ. ಮಿಕ್ಕದ್ದೆಲ್ಲ ವೇಗವನ್ನು ಬೇಗ ಏರಿಸುವುದಕ್ಕೆ, ದಿಣ್ಣೆ ಹತ್ತುವುದಕ್ಕೆ, ಇನ್ನೂ ಮೇಲಿನ ವೇಗಕ್ಕೆ. ನಮ್ಮ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಕ್ಯಾಮರಾಗಳನ್ನು ನೆಟ್ಟಿದ್ದಾರೆ. 130 ದಾಟಿದವರ ಮೇಲೆ 2024ರ ಆಗಸ್ಟಿನಿಂದ ಮೊಕದ್ದಮೆ ಹೂಡುವುದಾಗಿ ಪೊಲೀಸರು ಪ್ರಕಟಿಸಿದರು. ಈ ಲೆಕ್ಕವನ್ನು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ವಿವರಿಸಿದೆ. ಮುದ್ದೆ ಮುರಿಯುತ್ತಿದ್ದ ಅಪ್ಪ, "ಅಂಗಾರೆ ಮಿಕ್ಕಿದ್ ಇನ್ನೂರ್ ಕುದ್ರೆ ಸುಮ್ಕೆ ನಿಂತಿರ್ತವೆ ಅನ್ನು. ಅವುಕ್ಕೆ ಹುಲ್ಲಾಕೋರ್ ಯಾರು?" ಎಂದರು.

ನಾನು ಎರಡು ದಿನ ಹುಡುಕಿದ ಮಾತನ್ನು ಅಪ್ಪ ಒಂದು ತುತ್ತಿನಲ್ಲಿ ಹೇಳಿದ್ದರು. ನಿಂತ ಕುದುರೆಗಳೂ ತಿನ್ನುತ್ತವೆ. ಅಗಲವಾದ ಟೈರು, ದೊಡ್ಡ ಬ್ರೇಕು, ಹೆಚ್ಚಿನ ಬೆಲೆಯ ಪೆಟ್ರೋಲು, ವರ್ಷವರ್ಷದ ವಿಮೆ. ಓಡಿಸಿದರೂ ಖರ್ಚು, ನಿಲ್ಲಿಸಿದರೂ ಖರ್ಚು. ದೊಡ್ಡ ಎಂಜಿನ್ನನ್ನು ಸದಾ ಕಡಿವಾಣ ಎಳೆದು ಮೆಲ್ಲಗೆ ನಡೆಸಿದರೆ, ಕೊಟ್ಟ ಪೆಟ್ರೋಲಿಗೆ ಅದು ಮಾಡುವ ಕೆಲಸವೂ ಕಡಿಮೆ. ಇನ್ನು ಸಮಯದ ಉಳಿತಾಯವೋ? ಮೈಸೂರಿಗೆ ಹೆದ್ದಾರಿಯಲ್ಲಿ 40 ಕಿ.ಮೀ. ಎಂದಿಟ್ಟುಕೊಳ್ಳಿ. ನೂರರಲ್ಲಿ ಹೋದರೆ 24 ನಿಮಿಷ. ಕಾನೂನು ಮೀರಿ ನೂರಿಪ್ಪತ್ತರಲ್ಲಿ ಹೋದರೆ 20. ಹಾಗೆ ಗಳಿಸಿದ ನಾಲ್ಕು ನಿಮಿಷವನ್ನು ಮೈಸೂರಿನ ಮೊದಲ ಸಿಗ್ನಲು ಇಸಿದುಕೊಳ್ಳುತ್ತದೆ.

ಹಂಪುಗಳ ವಿಷಯ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇದ್ದು, ಆಮೆಯ ಬೆನ್ನಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮೂರಿನ ಹಂಪನ್ನು ಕರು ಸತ್ತ ರಾತ್ರಿ ಊರವರೇ ಸೇರಿ ಹಾಕಿದ್ದು. ಅದಕ್ಕೆ ನಿಯಮ ಗೊತ್ತಿಲ್ಲ. ಆ ಕಾರಿನ ಹೊಟ್ಟೆ ನೆಲದಿಂದ ಐದು ಅಂಗುಲ ಚಿಲ್ಲರೆ ಎತ್ತರದಲ್ಲಿತ್ತು. ಹೆಚ್ಚು ಹೇಳಬೇಕಾಗಿಲ್ಲ.

ಕಾರಿನ ಕಡೆಗೂ ನ್ಯಾಯ ಹೇಳಬೇಕು. ಇಂಥ ಕಾರೆಂದರೆ ಬರಿಯ ಓಟವಲ್ಲ. ಓಡುವುದಕ್ಕೆ ತಕ್ಕಂತೆ ನಿಲ್ಲುವುದನ್ನೂ ಅದಕ್ಕೆ ಕಲಿಸಿರುತ್ತಾರೆ. ಎರಡು ಪಥದ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಎದುರು ಪಥದಲ್ಲಿ ಇರುವ ಹೊತ್ತು ಕಡಿಮೆಯಾದಷ್ಟೂ ಕ್ಷೇಮ. ಆದರೆ ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. 50ರಲ್ಲಿ 14 ಮೀಟರಿಗೆ ನಿಲ್ಲುವುದು 100ರಲ್ಲಿ 56 ಮೀಟರಿಗೆ ನಿಲ್ಲುತ್ತದೆ. ಬ್ರೇಕಿನ ಮೇಲೆ ಕಾಲಿಡುವ ಮೊದಲಿನ ಒಂದು ಸೆಕೆಂಡಿನಲ್ಲಿ 28 ಮೀಟರು ಕಳೆದಿರುತ್ತದೆ. ಆ ಸೆಕೆಂಡು ಕಾರಿನದಲ್ಲ, ಮನುಷ್ಯನದು. ರಾತ್ರಿ ಪಾಳಿ ಮುಗಿಸಿ ಬರುವ ನಮ್ಮಣ್ಣನದು. ಈ ಲೆಕ್ಕ ಮಾಡುವಾಗ ನನಗೆ ಎಂ.ಎ. ನೆನಪಾಗಲಿಲ್ಲವೆಂದು ಪ್ರಮಾಣ ಮಾಡಬಲ್ಲೆ.

ಜರ್ಮನಿಯಲ್ಲಿ ಪೋರ್ಷೆ 911 ಎಂಬ ಕಾರನ್ನು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಆಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತನ್ನ ಹಕ್ಕೆಂದು ಫ್ರಾನ್ಸಿನ ಪ್ಯೂಜೋ ಕಂಪನಿ ತಕರಾರು ಮಾಡಿದ್ದರಿಂದ 911 ಆಯಿತು. ಮೊದಲ 911ಕ್ಕೆ 130 ಅಶ್ವಶಕ್ತಿ. ದಿನದ ಬಳಕೆಗೂ ಒಗ್ಗುವ ಓಟದ ಕಾರೆಂದು ಅದಕ್ಕೆ ಹೆಸರು ಬಂತು. ಬರದೆ ಏನು? ಅಲ್ಲಿನ ಆಟೋಬಾನಿನ ಎಷ್ಟೋ ಭಾಗಗಳಲ್ಲಿ ಇಂದಿಗೂ ಕಡ್ಡಾಯ ವೇಗಮಿತಿಯಿಲ್ಲ. 130 ಎಂಬುದು ಬರಿಯ ಸಲಹೆ. ಅಲ್ಲಿ ಕಾರಿಗೆ ತಕ್ಕ ರಸ್ತೆಯಿತ್ತು.

ಇಷ್ಟನ್ನು ಅಣ್ಣನ ಮುಂದೆ ಹೇಳಿದಾಗ ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವರು ಅಪ್ಪ. ಜಗಲಿಯ ಮೇಲೆ ಕುಳಿತು, ಯಾರನ್ನೂ ನೋಡದೆ, ತಾತನ ಎತ್ತುಗಳ ಕಥೆ ಹೇಳಿದರು.

ನಮ್ಮ ತಾತ ಒಂದು ಜೋಡಿ ಹಳ್ಳಿಕಾರ್ ಎತ್ತು ಕಟ್ಟಿದ್ದರಂತೆ. ಹಿಂದೆ ಮೈಸೂರು ಸೈನ್ಯದ ತೋಪುಗಳನ್ನೆಳೆದ ಅಮೃತಮಹಲಿನ ನಂಟುಳ್ಳ ತಳಿ ಅದು ಎಂಬುದನ್ನು ನಾನು ಇತಿಹಾಸದಲ್ಲಿ ಓದಿದ್ದೇನೆ; ತಾತನಿಗೆ ಓದದೆಯೇ ಗೊತ್ತಿತ್ತು. ಗಾಡಿ ಓಟದ ಎತ್ತುಗಳು. ಹುರುಳಿ ಬೇಯಿಸಿ ಅವಕ್ಕೆ ಇಟ್ಟು, ಆ ಕಟ್ಟಿನಲ್ಲಿ ಮಾಡಿದ ಸಾರು ಮನೆಯವರಿಗೆ. ಅವುಗಳ ಹೆಗಲಿಗೆ ನೇಗಿಲು ಮುಟ್ಟಿಸುವಂತಿಲ್ಲ; ಉಳುಮೆಗೆ ಪಕ್ಕದವರ ಬಡ ಎತ್ತುಗಳನ್ನು ಮುಯ್ಯಿಗೆ ತರಬೇಕು. ಆ ಜೋಡಿಯ ಮೈ ತಿಕ್ಕಲು, ಬೆಳಗಿನ ಜಾವ ನಡೆಸಲು ಒಬ್ಬ ಆಳು ಬೇಕಾದಾಗ ಅಪ್ಪನನ್ನು ಏಳನೆಯ ತರಗತಿಯಿಂದ ಬಿಡಿಸಿದರು.

ಈ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಡತನದಿಂದ ಓದು ಬಿಟ್ಟರೆಂದು ನಂಬಿದ್ದೆ. ಅಪ್ಪನಿಗೆ ಸಿಟ್ಟಿರಬೇಕೆಂದು ಮುಖ ನೋಡಿದರೆ, ಅಲ್ಲಿ ಬೇರೆಯೇ ಬೆಳಕು. "ಗೆದ್ ದಿಸ ನಿಮ್ ತಾತುನ್ನ ಹೆಗಲ್ ಮ್ಯಾಲ್ ಹೊತ್ಕಂಡ್ ಬಂದ್ರು. ನಾನು ಎತ್ತಿನ್ ಹಗ್ಗ ಹಿಡ್ಕಂಡ್ ಮುಂದುಗಡೆ. ಊರ್ ಊರೇ ನೋಡ್ತು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕೇಳ್ಬ್ಯಾಡ್ರಪ್ಪ. ನಾನು ಬ್ಯಾಡ ಅನ್ನಾಕೂ ಆಗಾಕಿಲ್ಲ, ಬೇಕು ಅನ್ನಾಕೂ ಆಗಾಕಿಲ್ಲ" ಎಂದು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಆ ರಾತ್ರಿ ನಾನು ಅಣ್ಣನಿಗೆ ತೀರ್ಪು ಹೇಳಿದೆ. "ಕಾರು ಚೆನ್ನಾಗದೆ. ಅದರಲ್ಲಿ ಕೂತದ್ದು ನಾನು ಮರೆಯಲ್ಲ. ದಿನದ ಓಡಾಟಕ್ಕೆ ಬ್ಯಾಡ. ಆದರೆ ನನ್ನ ಮಾತನ್ನ ಪೂರ್ತಿ ನಂಬಬ್ಯಾಡ ಕಣಣ್ಣ, ನಂಗೂ ಆ ದುಡ್ಡಿನ ಮೇಲೆ ಆಸೆ ಅದೆ, ಎಂ.ಎ. ಓದಬೇಕು ಅಂತ." ಅಣ್ಣ ಮಗ್ಗುಲು ಬದಲಿಸಿ, "ಅದ್ನ ಮೊದ್ಲೇ ಬೊಗಳ್ಬಾರ್ದಾ" ಎಂದು ಹೊದ್ದುಕೊಂಡು ಮಲಗಿದ.

ಒಂದೂವರೆ ತಿಂಗಳ ಮೇಲೆ ಮನೆಗೊಂದು ಕಾರು ಬಂತು. ಅದೂ ಹಳೆಯದೇ, 1.2 ಲೀಟರಿನ ಸಣ್ಣ ಕಾರು, ಎಂಬತ್ತು ಚಿಲ್ಲರೆ ಅಶ್ವಶಕ್ತಿ. ಹಂಪಿಗೆ ಹೊಟ್ಟೆ ತಾಗುವುದಿಲ್ಲ. ಪಾಳಿ ಮುಗಿಸಿ ಬರುವಾಗ ಅಣ್ಣ ಇಬ್ಬರು ಜೊತೆಗಾರರನ್ನು ಕೂರಿಸಿಕೊಂಡು ಬರುತ್ತಾನೆ. ಪೆಟ್ರೋಲಿನ ಪಾಲು ಕೊಡುತ್ತಾರೆ. ಮೊಬೈಲಿನಲ್ಲಿ ಆ ಇನ್ನೊಂದು ಕಾರಿನ ಚಿತ್ರ ಇನ್ನೂ ಇದೆ. ನಾನು ನೋಡಿದ್ದೇನೆ, ಕೇಳಿಲ್ಲ.

ಮೊದಲ ಭಾನುವಾರ ಅಪ್ಪ ಅವ್ವನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಅಪ್ಪ ಒಗೆದ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಹೆದ್ದಾರಿ ಹತ್ತಿದ ಮೇಲೆ ಅಣ್ಣ ಮುಳ್ಳನ್ನು ನೂರಕ್ಕೆ ತಂದು ಅಲ್ಲಿಯೇ ನಿಲ್ಲಿಸಿದ. ಬೈಪಾಸಿನಲ್ಲಿ ನಮ್ಮ ಗದ್ದೆ ಇದ್ದ ಜಾಗ ಹತ್ತಿರವಾಗುತ್ತಿದ್ದಂತೆ ಅಪ್ಪ ಸೀಟಿನ ಅಂಚಿಗೆ ಸರಿದು, ಗಾಜಿಗೆ ಹಣೆ ತಾಗಿಸಿ, ಮಿಕ್ಕ ತೆಂಗಿನ ಮರಗಳನ್ನು ಗುರುತು ಹಿಡಿಯಲು ನೋಡಿದರು. ಉದ್ದಕ್ಕೆ ಎಂಬತ್ತು ಮೀಟರಿನ ಗದ್ದೆ. ಆ ವೇಗದಲ್ಲಿ ಮೂರು ಸೆಕೆಂಡು.

"ಓಯ್ತಾ?" ಎಂದರು ಅಪ್ಪ.

"ಓಯ್ತು" ಎಂದ ಅಣ್ಣ.

"ವಸಿ ನಿಧಾನಕ್ಕೆ ಓಡಿಸ್ಬಾರ್ದಾಗಿತ್ತಾ. ತಿರುಗಿಸ್ಕಂಡ್ ಬಾ, ಇನ್ನೊಂದಪ ನೋಡವ."

ಅಲ್ಲಿ ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಇಳಿಯುವ ದಾರಿ ಮುಂದೆ ಎಲ್ಲೋ ಇದೆ ಎಂದು ಅಣ್ಣ ವಿವರಿಸುತ್ತಿದ್ದ. ಅಪ್ಪ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇದ್ದರು.